ನೀವು ಬರಿಗೈಯಲ್ಲಿ ಕೆದಕಿದ ಚಿಪ್‌ಗಳ ಬಗ್ಗೆ

ತಪಾಸಣಾಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡೋಣವೆಂದುಕೊಂಡೆ, ಕೈ ಬರಲಿಲ್ಲ. ಸುಂಕದ ಕಚೇರಿಯ ನಿಮ್ಮ ಮೇಜಿನ ಮೇಲೆ, ಹೊರದೇಶದಿಂದ ನಾವು ತರಿಸಿದ ಚಿಪ್‌ಗಳ ಚೀಲವನ್ನು ನೀವು ಕತ್ತರಿಸಿ, ಬರಿಗೈಯಲ್ಲಿ ಕೆದಕಿ ಹಾಳು ಮಾಡಿದಿರಿ. ಆಮೇಲೆ ಸರಕು ಸುಸ್ಥಿತಿಯಲ್ಲಿದೆ ಎಂದು ಮುದ್ರೆ ಒತ್ತಿದಿರಿ. ಅದರ ಫಲವಾಗಿ ಇಂದು ಊರಿನವರ ಬಾಯಲ್ಲಿ ನನ್ನ ಗಂಡ ಮೋಸಗಾರ. ಇದಕ್ಕೆ ಎಲ್ಲರೆದುರು ಉತ್ತರ ಬೇಕು. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ.

ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ನಾನು ಲಿಫ್ಟ್‌ಗಳ ಕಂಟ್ರೋಲ್ ಬೋರ್ಡ್ ಜೋಡಿಸುತ್ತೇನೆ, ಇವರು ಅವನ್ನು ಕಟ್ಟಡಗಳಲ್ಲಿ ಕೂರಿಸುತ್ತಾರೆ. ಲಿಫ್ಟ್ ಎಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂದು ಹೇಳುವುದು ಆ ಬೋರ್ಡಿನ ಮೇಲಿನ, ಉಗುರಿಗಿಂತ ಚಿಕ್ಕ ಚಿಪ್. ಅದನ್ನು ತಯಾರಿಸುವವರು ಹುಬ್ಬಿನ ಕೂದಲೂ ಕಾಣದಂತೆ ಮುಸುಕು ಹಾಕಿಕೊಂಡು ಕೆಲಸ ಮಾಡುತ್ತಾರಂತೆ. ಬೆಳ್ಳಿ ಬಣ್ಣದ ಚೀಲದಲ್ಲಿಟ್ಟು, ಗಾಳಿ ತೆಗೆದು, ಸೀಲ್ ಮಾಡಿ, ಮೇಲೆ ಕೈಯ ಚಿತ್ರ ಬರೆದು ಅದಕ್ಕೆ ಅಡ್ಡಗೀಟು ಎಳೆದು ಕಳಿಸುತ್ತಾರೆ. ಓದು ಬಾರದವರಿಗೂ ತಿಳಿಯಲೆಂದು ಬರೆದ ಚಿತ್ರ ಅದು. ನಿಮಗೆ ಓದು ಬರುತ್ತದೆ, ಅದೇ ತೊಂದರೆಯಾಯಿತೇನೋ.

ಅಂದು ನೀವು ಉಣ್ಣೆಯ ಸ್ವೆಟರ್ ಹಾಕಿದ್ದಿರಿ. ಒಣಹವೆಯಲ್ಲಿ ಅಂಥದ್ದನ್ನು ಕಳಚುವಾಗ ಚಟಚಟ ಎನ್ನುತ್ತದಲ್ಲ, ಬೆರಳ ತುದಿಯಿಂದ ಹಾರುವ ಅಂಥದೇ ಕಿಡಿ, ಕಣ್ಣಿಗೆ ಕಾಣದಷ್ಟು ಚಿಕ್ಕದಾದರೂ ಸಾಕು, ಚಿಪ್‌ನ ಒಳಗೆ ಗಾಯವಾಗಲು. ಇವರು ಕೈಮುಗಿದೇ ಹೇಳಿದರು, ನಾನು ಪಕ್ಕದಲ್ಲಿದ್ದೆ.

"ಸಾರ್, ಬರಿಗೈಯಲ್ಲಿ ಮುಟ್ಬೇಡಿ. ಮಾಲು ಕೆಟ್ಟುಹೋಗುತ್ತೆ."

"ಏನ್ರೀ, ನನ್ನ ಕೈಯೇನು ಕರೆಂಟ್ ಕಂಬಾನಾ?"

"ಇವುಗಳ ಪಾಲಿಗೆ ಹಾಗೇ ಸಾರ್. ಮೈಯಲ್ಲಿರೋ ಕರೆಂಟ್ ನೆಲಕ್ಕಿಳಿಸೋಕೆ ಮಣಿಕಟ್ಟಿಗೆ ಕಟ್ಕೊಳ್ಳೋ ಪಟ್ಟಿ ತಂದಿದ್ದೀನಿ, ಹಾಕ್ಕೊಂಡು ನೋಡಿ."

"ಓಹೋ, ನನಗೇ ಕೋಳ ತೊಡಿಸೋಕೆ ಬಂದ್ರಾ?" ಎಂದಿರಿ. ಸುತ್ತಲಿದ್ದವರು ನಕ್ಕರು. ಆ ನಗುವಿನಿಂದ ಹುರುಪೇರಿ, ಚೀಲವನ್ನು ಚಹಾದ ಟ್ರೇಗೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಾಡಿಸಿದಿರಿ. ಕೊನೆಗೆ ಮತ್ತೆ ಚೀಲಕ್ಕೆ ತುಂಬಿ ಅಂಟುಪಟ್ಟಿ ಹಚ್ಚಿ ಕೊಟ್ಟಿರಿ.

ಈ ಗಾಯ ಕೂಡಲೇ ಕಾಣುವುದಿಲ್ಲ, ಅದೇ ಇದರ ಕುತಂತ್ರ. ಆ ಚಿಪ್ ಹಾಕಿದ ಬೋರ್ಡ್‌ಗಳನ್ನು ವಾರವಿಡೀ ಓಡಿಸಿ ನೋಡಿದೆ, ಒಂದೂ ತಪ್ಪಲಿಲ್ಲ. ಮೂರು ಕಟ್ಟಡಗಳಲ್ಲಿ ಕೂರಿಸಿದೆವು. ತಿಂಗಳು ತುಂಬುವುದರೊಳಗೆ ಮೂರೂ ಲಿಫ್ಟ್‌ಗಳು ಮಹಡಿಗಳ ನಡುವೆ ಕೆಟ್ಟು ನಿಂತವು. ಒಂದರಲ್ಲಿ ಸಿಕ್ಕಿಕೊಂಡಿದ್ದವಳು ತುಂಬು ಬಸುರಿ. ಅವಳನ್ನು ಹೊರಗೆ ತಂದ ಮೇಲೆ ಅವಳತ್ತೆ ಇವರ ಮುಖಕ್ಕೇ ಕೇಳಿದರು: "ನಾಲ್ಕು ಕಾಸಿನ ಆಸೆಗೆ ನಕಲಿ ಸಾಮಾನು ಹಾಕಿದ್ಯಲ್ಲಪ್ಪ, ನಿನಗೂ ಮನೆಯಲ್ಲಿ ಹೆಣ್ಣುಮಕ್ಕಳಿಲ್ವಾ?" ಆ ಕಟ್ಟಡಗಳ ಮಕ್ಕಳು ಇವರನ್ನು ಲಿಫ್ಟ್ ಮಾವ ಎಂದು ಕರೆಯುತ್ತಿದ್ದವು. ಈಗ ನಕಲಿ ಮಾವ ಅನ್ನುತ್ತವೆ. ಅಂದು ತಲೆ ತಗ್ಗಿಸಿಕೊಂಡು ಮನೆ ಸೇರಿದವರು ಇನ್ನೂ ಸಾಮಾನಿನ ಚೀಲ ಮುಟ್ಟಿಲ್ಲ, ನನ್ನ ಜೊತೆಗೂ ನೆಟ್ಟಗೆ ಮಾತಾಡಿಲ್ಲ.

ಚಿಪ್ ತಯಾರಿಸಿದವರು ಸೀಲ್ ಒಡೆದ ಮಾಲಿಗೆ ತಾವು ಹೊಣೆಯಲ್ಲ ಅಂದರು. ನೀವೋ, ನಾವು ಕೊಟ್ಟ ದೂರಿಗೆ, ಕೈ ಮುಟ್ಟಿದ ಮಾತ್ರಕ್ಕೆ ಯಾವ ಹಾನಿಯೂ ಆಗದೆಂದು ಉತ್ತರ ಬರೆದಿರಿ. ಅದೇ ವಾರ ಸಭೆಯೊಂದರಲ್ಲಿ, ಸೆಮಿಕಂಡಕ್ಟರ್ ವ್ಯಾಪಾರದಲ್ಲಿ ನಮ್ಮ ದೇಶ ಜಗತ್ತಿನ ಹೆಬ್ಬಾಗಿಲಾಗಲಿದೆ ಎಂದು ಭಾಷಣವನ್ನೂ ಬಿಗಿದಿರಿ. ಆ ಹೆಬ್ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ಕೂತಿರುವವರು ಯಾರು ಸ್ವಾಮಿ? ನೀವು ಕೆಡಿಸಿದ ಚಿಪ್ ಕೂಡ ದೇಶದ ಆಮದಿನ ಅಂಕಿಗೆ ಸೇರುತ್ತದೆ. ನಾಳೆ ಅದನ್ನೇ ಯಂತ್ರದೊಳಗಿಟ್ಟು ರಫ್ತು ಮಾಡಿದರೆ ಅದೂ ಅಂಕಿಯೇ. ಯಂತ್ರ ಅಲ್ಲಿ ಹೋಗಿ ಕೈಕೊಟ್ಟಾಗ ಬೈಸಿಕೊಳ್ಳುವುದು ಮಾತ್ರ ತಯಾರಿಸಿದವನು. ನಿಮ್ಮ ಸ್ವೆಟರ್ ಬಗ್ಗೆ ಯಾವ ದೇಶದವರೂ ವಿಚಾರಿಸುವುದಿಲ್ಲ.

ನಾನು ವಿಚಾರಿಸುತ್ತೇನೆ. "ಹೋಗ್ಲಿ ಬಿಡೇ, ದೊಡ್ಡವರ ಸಹವಾಸ" ಅನ್ನುತ್ತಾರೆ ಇವರು. ನಾನು ಬಿಡುವವಳಲ್ಲ. ನನಗೆ ನ್ಯಾಯವೊಂದೇ ಸಾಲದು, ನೀವು ಬೆವರುವುದನ್ನೂ ನೋಡಬೇಕು. ಆ ಪುಣ್ಯಕಾಲ ನಿಮ್ಮ ಕಚೇರಿಯಿಂದಲೇ ಒದಗಿ ಬಂತು. ಮೊನ್ನೆ ನಿಮ್ಮ ಗುಮಾಸ್ತರು ಫೋನ್ ಮಾಡಿದ್ದರು: "ಅಮ್ಮಾ, ನಮ್ಮ ಲಿಫ್ಟ್ ಬೋರ್ಡ್ ಸುಟ್ಟುಹೋಗಿದೆ. ಸಾಹೇಬ್ರಿಗೆ ಮಂಡಿನೋವು, ಐದು ಮಹಡಿ ಹತ್ತೋಕಾಗ್ತಿಲ್ಲ. ಬೇಗ ಯಾರನ್ನಾದ್ರೂ ಕಳಿಸಿ." ನಾನೇ ಬಂದೆ. ಹೊಸ ಬೋರ್ಡ್ ಕೂರಿಸಿದ್ದೇನೆ. ಅದರ ಮೇಲಿರುವುದು ಅದೇ ಚೀಲದ, ನೀವೇ ಸುಸ್ಥಿತಿಯಲ್ಲಿದೆ ಎಂದು ಮುದ್ರೆ ಒತ್ತಿದ ಚಿಪ್. ಬೇರೆ ಯಾರೂ ಹತ್ತದಂತೆ ಬೀಗ ಹಾಕಿದ್ದೇನೆ. ಹೆದರಬೇಡಿ, ಲಿಫ್ಟ್ ಬೀಳುವುದಿಲ್ಲ, ಬ್ರೇಕ್ ಹಿಡಿದುಕೊಳ್ಳುತ್ತದೆ. ನಡುವೆ ನಿಲ್ಲಬಹುದು, ಅಷ್ಟೇ.

ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಕೆಳಗೆ ಕಾಯುತ್ತಿರುತ್ತೇನೆ. ಮೂರೂ ಕಟ್ಟಡಗಳವರನ್ನು ಕರೆದಿದ್ದೇನೆ, ಆ ಅತ್ತೆಯನ್ನೂ. ನಿಮ್ಮ ಮಾತಿನಲ್ಲಿ ನಿಮಗೆ ನಂಬಿಕೆಯಿದ್ದರೆ ಒಬ್ಬರೇ ಹತ್ತಿ. ಒಂದು ಸಲ ಹೋಗಿಬಂದು ಗೆದ್ದೆ ಅನ್ನುವ ಹಾಗಿಲ್ಲ, ನಿವೃತ್ತಿಯವರೆಗೆ ದಿನಾ ಹತ್ತಬೇಕು. ನಂಬಿಕೆಯಿಲ್ಲದಿದ್ದರೆ, ಚಿಪ್ ಕೆಟ್ಟದ್ದು ನಿಮ್ಮ ಕೈಯಿಂದಲೇ ಎಂದು ಅಲ್ಲೇ ಎಲ್ಲರೆದುರು ಹೇಳಿ. ಎರಡೂ ಬೇಡವಾದರೆ ಮೆಟ್ಟಿಲಿದೆ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ, ಯಾರೂ ತಡೆಯುವುದಿಲ್ಲ. ನೀವು ಐದನೇ ಮಹಡಿ ಮುಟ್ಟುವವರೆಗೂ ನನ್ನ ಗಂಡ ಕೆಳಗೆ ತಲೆಯೆತ್ತಿ ನಿಂತು ನೋಡುತ್ತಿರುತ್ತಾರೆ.

ಇಂತಿ,
ನಿಮ್ಮ ಲಿಫ್ಟಿನ ಬೀಗದ ಕೈ ಸೆರಗಿಗೆ ಕಟ್ಟಿಕೊಂಡಿರುವ
ನಕಲಿ ಮಾವನ ಅಸಲಿ ಹೆಂಡತಿ