ಕೀಲಿ ಎಂಬ ಸವತಿ

ಕಲಬುರಗಿ (ಕಪನೂರಿನ ನಮ್ಮ ಮಿಲ್ಲಿನಿಂದ)
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಮೌನೇಶ,

ನಮ್ಮ ಬೇಳೆ ಪಾಸಾಯಿತು! ಸೊಲ್ಲಾಪುರದ ಸಾಹುಕಾರರು ಒಂದು ಚೀಲವನ್ನೂ ತಿರುಗಿಸಿ ಕಳಿಸದೆ ಲಾರಿ ಪೂರ್ತಿ ಇಳಿಸಿಕೊಂಡರು, ಮತ್ತು ಆ ಬೇಳೆ ಒಡೆಯಲು ಮಿಲ್ಲಿನ ಸ್ವಿಚ್ಚು ಒತ್ತಿದವಳು ನಿಮ್ಮ ಹೆಂಡತಿ! ನೋಡಿ, ಸಂತೋಷದಲ್ಲಿ ಆರೋಗ್ಯ ಕೇಳುವುದನ್ನೇ ಮರೆತೆ. ಹೇಗಿದ್ದೀರಿ? ಕೊಯಮತ್ತೂರಿನ ಊಟ ಒಗ್ಗಿತೇ? ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿಯಿತೇ, ಅಥವಾ ಕಮಲಾಪುರದ ಕೆಂಪು ಬಾಳೆಹಣ್ಣಿನ ಹಾಗೆ ಅದನ್ನೂ ನಿಮ್ಮ ಜೊತೆ ತರಬೇತಿಗೆ ಬಂದಿರುವ ಅಂಜನಾ ಅವರಿಗೇ ಕೊಟ್ಟಿರೋ? ಹಣ್ಣು ಕೊಟ್ಟಿದ್ದನ್ನು ನೀವೇ ಫೋನಿನಲ್ಲಿ ಹೇಳಿದಿರಿ. "ಭಾಳ ಸೇರಿದ್ವು ಆಕಿಗೆ" ಅಂದಿರಿ. ನನಗೂ ಆ ಹಣ್ಣು ಬಹಳ ಸೇರುತ್ತದೆ ಎಂದು ಯಾರಾದರೂ ನಿಮಗೆ ಹೇಳಬೇಕಿತ್ತು.

ಫೋನು ಇರುವಾಗ ಪತ್ರ ಏಕೆ ಎನ್ನುತ್ತೀರಿ. ಫೋನಿನಲ್ಲಿ ನಾನು ಏನು ಹೇಳಿದರೂ ನೀವು ಹ್ಞೂಂ ಎಂದು, ಮರುಕ್ಷಣ "ಇವತ್ತ ಅಂಜನಾ ಏನಂದ್ಳು ಗೊತ್ತಾ" ಎಂದು ಶುರುಮಾಡುತ್ತೀರಿ. ಪತ್ರದಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದೂ ಅಲ್ಲದೆ ಅತ್ತೆಯ ಮುಂದೆ ಕರೆಯಲಾಗದ ನಿಮ್ಮ ಹೆಸರನ್ನು ಇಲ್ಲಿ ಎಷ್ಟು ಸಲ ಬೇಕಾದರೂ ಬರೆಯಬಹುದು, ಮೌನೇಶ! ಗೇಟಿನ ಪಕ್ಕದ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೇನೆ. ಒಳಗೆ ಮಿಷನ್ ಭರ್ರೆಂದು ಓಡುತ್ತಿದೆ, ಕಾಗದದ ಮೇಲೆಲ್ಲ ಹಳದಿ ಧೂಳು. ಕೊಡವದೆ ಹಾಗೇ ಮಡಚಿ ಕಳಿಸುತ್ತೇನೆ.

ನೀವು ಕಳಿಸಿದ ಫೋಟೋ ನೋಡಿದೆ. ಬೇಳೆಯ ಬಣ್ಣ ಆರಿಸುವ ಆ ಹೊಸ ಮಿಷನ್ನಿನ ಮುಂದೆ ತರಬೇತಿಯವರೆಲ್ಲ ಸಾಲಾಗಿ ನಿಂತಿದ್ದೀರಿ, ನಿಮ್ಮ ಪಕ್ಕಕ್ಕೆ ಅಂಜನಾ. ಎಷ್ಟು ಚೆನ್ನಾಗಿ ನಗುತ್ತಿದ್ದೀರಿ! ನಮ್ಮ ಮದುವೆಯ ಆಲ್ಬಮ್ ತೆಗೆದು ನೋಡಿದೆ, ಅದರಲ್ಲಿ ನೀವು ಹಲ್ಲುನೋವಿನವರ ಹಾಗೆ ಇದ್ದೀರಿ. ನಾನೂ ಬರುತ್ತೇನೆ ಎಂದು ಅತ್ತಾಗ "ಇಬ್ರೂ ಹೋದ್ರ ಅಪ್ಪಗ ಯಾರು? ಅವ್ರ ಮೊಣಕಾಲು ಹಿಡಕೊಂಡ್ರ ಯಾರು ನೋಡ್ಕೋಬೇಕು?" ಎಂದು ನನ್ನನ್ನು ಬ್ರಹ್ಮಪುರದ ಮನೆಯಲ್ಲಿ ಬಿಟ್ಟು ಹೋದಿರಿ. ಅಂಜನಾ ಅವರಿಗೂ ಮಿಲ್ಲಿದೆ, ಅದೂ ನಮ್ಮ ಗೋಡೆಯಾಚೆಗೇ. ಅವರು ಮಾತ್ರ ಹಾಯಾಗಿ ಬರಬಹುದು. ಇದು ಯಾವ ನ್ಯಾಯ?

ಈಗ ಒಳ್ಳೆಯ ಸುದ್ದಿಯ ಹಿಂದಿನ ಕೆಟ್ಟ ಸುದ್ದಿ. ಮಾವನವರು ಕಮಲಾಪುರಕ್ಕೆ ತಂಗಿಯ ಮನೆಗೆ ಹೋದವರು ಬಾಳೆ ತೋಟದ ಬದುವಿನಲ್ಲಿ ಕಾಲು ಉಳುಕಿಸಿಕೊಂಡು ಅಲ್ಲೇ ಉಳಿದರು ಎಂದಷ್ಟೇ ನಿಮಗೆ ಹೇಳಿದ್ದೆವು. ಸಂಜೆಯೇ ಬರುತ್ತೇನೆಂದು ಹೊರಟಿದ್ದರು, ಹಾಗಾಗಿ ಸ್ವಿಚ್ಚಿನ ಪೆಟ್ಟಿಗೆಯ ಕೀಲಿ ಅವರ ಜೇಬಿನಲ್ಲೇ ಇತ್ತು ಎಂಬುದನ್ನು ಹೇಳಿರಲಿಲ್ಲ. ನೀವು ಗಾಬರಿಯಾಗಿ ಓಡಿ ಬರುತ್ತೀರೆಂದು ಎಲ್ಲರಿಗೂ ನಾನೇ ತಾಕೀತು ಮಾಡಿದ್ದೆ. ದಿನಾ ಬೆಳಿಗ್ಗೆ ದೇವರ ಜಗಲಿಯಿಂದ ಕೀಲಿ ಇಳಿಸಿ, ವಿಭೂತಿ ಹಚ್ಚಿ, ಮನೆಯ ಗಂಡಸೇ ಒಯ್ದು ಪೆಟ್ಟಿಗೆ ತೆರೆಯಬೇಕೆಂಬ ನಿಮ್ಮ ಮನೆಯ ಪದ್ಧತಿಯನ್ನು ನಾನು ಮದುವೆಯಾದ ಹೊಸತರಲ್ಲಿ ಎಷ್ಟು ಮುದ್ದಾಗಿದೆ ಎಂದುಕೊಂಡಿದ್ದೆ! ಆ ದಿನ ಮಿಲ್ಲಿಗೆ ಬಂದು ನೋಡಿದರೆ ಕೀಲಿಯಿಲ್ಲದೆ ಮಿಷನ್ ನಿಂತಿತ್ತು, ಆಳುಗಳೆಲ್ಲ ಗೋಡೆಗೊರಗಿ ಕೂತಿದ್ದರು. ಎಣ್ಣೆ ಸವರಿ ನೀರು ಹೊಡೆದ ತೊಗರಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಒಳಗೆ ಕೈಯಿಟ್ಟರೆ ಬೆಚ್ಚಗೆ! ಹಾಗೇ ಬಿಟ್ಟರೆ ವಾಸನೆ ಹಿಡಿದು ದನವೂ ಮೂಸುವುದಿಲ್ಲ ಎಂದರು ಚಾಂದಪಾಶಾ ಚಾಚಾ. ನೀವು ಹುಟ್ಟುವ ಮೊದಲಿನಿಂದ ಇಲ್ಲಿ ಮೇಸ್ತ್ರಿಯಾಗಿರುವ ಅವರನ್ನೇ ಬೀಗ ಒಡೆಯೋಣವೇ ಎಂದು ಕೇಳಿದೆ. "ತೋಬಾ ತೋಬಾ" ಎಂದು ಕಿವಿ ಮುಚ್ಚಿಕೊಂಡರು.

ಮತ್ತು ಗೋಡೆಯಾಚೆ? ಅಂಜನಾ ಅವರ ಮಿಷನ್ ಓಡುತ್ತಿತ್ತು! ಮಾಲಕಿ ಕೊಯಮತ್ತೂರಿನಲ್ಲಿ ನನ್ನ ಗಂಡನ ಬಾಳೆಹಣ್ಣು ತಿನ್ನುತ್ತಿದ್ದಾಳೆ, ಮಿಲ್ಲು ಇಲ್ಲಿ ಹಾಡುತ್ತಿದೆ. ನನಗೆ ಎಂಥ ಉರಿ ಎದ್ದಿತು ಎಂದರೆ, ಕುಡಿಯುವ ನೀರು ಕೇಳುವ ನೆಪದಲ್ಲಿ ಆಚೆ ಹೋಗಿ ಇಣುಕಿದೆ. ಅಲ್ಲಿಯ ಮೇಸ್ತ್ರಿ ರೋಷನಬಿಯ ಕೊರಳಲ್ಲಿ ಕೀಲಿ ನೇತಾಡುತ್ತಿತ್ತು. ನಿಮ್ಮ ಮಾಲಕರಿಲ್ಲದೆ ಹೇಗೆ ನಡೆಸುತ್ತೀರಿ ಎಂದು ಕೇಳಿದರೆ ನಗುತ್ತಾಳೆ. "ಅಂಜನಾ ಮೇಡಂ ಹೋಗುವಾಗ ಕೀಲಿ ಕೊಟ್ರು, ಫೋನ್ ನಂಬರ್ ಕೊಟ್ರು. ಕೀಲಿ ದಿನಾ ಬೇಕಾಗ್ತದ, ನಂಬರ್ ಇನ್ನೂ ಬೇಕಾಗಿಲ್ರೀ" ಅಂದಳು! ನನಗೆ ಎಂಬಿಎ ತರಗತಿ ನೆನಪಾಯಿತು. ನಮ್ಮಂಥ ದೇಶಗಳಲ್ಲಿ ಎಷ್ಟೋ ಕಾರ್ಖಾನೆಗಳು ಮಾಲೀಕನಿಗೆ ಎಷ್ಟು ಜನ ಗಂಡುಮಕ್ಕಳೋ ಅಷ್ಟೇ ಬೆಳೆಯುತ್ತವೆ, ಹೊರಗಿನವರನ್ನು ನಂಬದೆ ಅಲ್ಲಿಗೇ ನಿಲ್ಲುತ್ತವೆ ಎಂದು ಓದಿದ್ದೆ. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಉತ್ತರ ಬರೆದು ಒಳ್ಳೆಯ ಅಂಕ ತೆಗೆದೆ. ಆಮೇಲೆ ಒಬ್ಬನೇ ಮಗನಿರುವ ಮನೆ ನೋಡಿ ಮದುವೆಯಾದೆ.

ಮರುದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಮಾವನವರು ಕಾಲಿಗೆ ಅರಿಶಿಣದ ಪಟ್ಟು ಹಾಕಿಸಿಕೊಂಡು ಮಂಚದ ಮೇಲಿದ್ದರು. ಕೀಲಿ ಕೇಳಿದೆ. "ಹೆಣ್ಮಕ್ಕಳ ಕೈಯಾಗ ಕೊಟ್ಟಿದ್ದಿಲ್ಲವ್ವಾ. ನಿಮ್ಮ ಅತ್ತಿಗೇ ಕೊಟ್ಟಿಲ್ಲ" ಎಂದು ಗೋಡೆಗೆ ಮುಖ ಮಾಡಿದರು. ತೊಗರಿ ಕೆಡುತ್ತದೆ ಎಂದೆ. ನಿಟ್ಟುಸಿರು ಬಿಟ್ಟರು, ಕೈ ಜೇಬಿಗೆ ಹೋಗಲಿಲ್ಲ. ಎದ್ದು ಹೊರಟವಳು ಸುಮ್ಮನೆ, ನಿಮ್ಮಾಣೆ ಸುಮ್ಮನೆ, "ಅಂಜನಾ ಅವ್ರ ಮಿಲ್ ಮಾತ್ರ ಜೋರ್ ನಡದದ್ರೀ ಮಾವ, ಆಕಿ ಊರಾಗ ಇಲ್ಲದಿದ್ರೂ" ಅಂದೆ. ಮಾವನವರು ಮೊಣಕೈ ಊರಿ ಎದ್ದೇಬಿಟ್ಟರು. "ಇಲ್ಲದಿದ್ರೂ?" ಅವಳಪ್ಪ ಆ ಗೋಡೆ ಕಟ್ಟಿಸಿದಾಗಿನಿಂದ ಆಚೆಯ ಸದ್ದಿಗೆ ಕಿವಿಯಿಟ್ಟು ಉರಿಯುತ್ತಿರುವವರು ಅವರು. ನಾನೊಬ್ಬಳೇ ಎಂದುಕೊಂಡಿದ್ದೆ! ಜೇಬಿಗೆ ಕೈಹಾಕಿ, "ತಗೋ. ಆದ್ರ ಮನೀ ಮಂದಿ ಕೈ ಬಿಟ್ಟು ಹೋಗಬಾರ್ದು, ನೋಡು" ಎಂದು ಕೊಟ್ಟರು.

ಪೆಟ್ಟಿಗೆ ತೆರೆದು, ಬೆರಳಿಗೆ ಸೆರಗು ಸುತ್ತಿಕೊಂಡೆ. "ಒತ್ರೀ ಅವ್ವಾರ, ಕಡಿಯಂಗಿಲ್ಲ ಅದು" ಎಂದರು ಚಾಚಾ. ಒತ್ತಿದೆ. ಮಿಲ್ಲು ಗುಡುಗಿತು, ಧೂಳೆದ್ದು ನಾನು ಮದುವೆಯ ಅರಿಶಿಣಕ್ಕಿಂತ ಹಳದಿಯಾದೆ! ಮುಂದಿನದನ್ನೆಲ್ಲ ಮಾಡಿದ್ದು ಚಾಚಾ ಮತ್ತು ಆಳುಗಳೇ. ನಾನು ದಿನಾ ಕೀಲಿ ತರುವುದು, ಒತ್ತುವುದು, ಕೂರುವುದು. ಲಾರಿ ಹೋಯಿತು, ಬೇಳೆ ಪಾಸಾಯಿತು. ಕುಂಟುತ್ತ ಊರಿಗೆ ಬಂದ ಮಾವನವರು ಗೋಡೆಯ ಪಕ್ಕ ನಿಂತು, ಆಚೆ ಕೇಳಲಿ ಎಂದೇ, "ನಮ್ಮ ಸೊಸಿ ಒಬ್ಬಾಕಿನೇ ಮಿಲ್ ನಡಸ್ಯಾಳ!" ಎಂದು ಕೂಗಿದರು. ನಾನು ಉಬ್ಬಿ ನಿಂತಿದ್ದೆ. ಆಗಲೇ ಬಂತು ಬಹುಮಾನ: "ಇನ್ನ ಮೌನೇಶ ಬರೋತನಕಾ ಕೀಲಿ ನಿನ್ನ ಕೈಯಾಗೇ ಇರ್ಲಿ. ಒಂದಿನಾನೂ ತಪ್ಪಿಸಬ್ಯಾಡ."

ಮೌನೇಶ, ನಾನು ಗೆದ್ದು ಸಿಕ್ಕಿಬಿದ್ದೆ. ಆ ದಿನ ಅಡುಗೆಮನೆಯಲ್ಲಿ ಮುಖ ಸಣ್ಣದು ಮಾಡಿ ಕೂತಿದ್ದಾಗ ಅತ್ತೆ ರೊಟ್ಟಿ ಬಡಿಯುತ್ತ ಹೇಳಿದರು: "ಆ ಕೀಲಿ ನನ್ನ ಸವತಿ ಅದವ್ವಾ. ಅವ್ರು ಸಂಸಾರ ಮಾಡಿದ್ದು ಅದರ ಕೂಡ. ನನ್ನ ಕೂಡ ಗಾಣಗಾಪುರಕ್ಕೂ ಬಂದವರಲ್ಲ. ನಿನ್ನ ಕೊರಳಿಗೂ ಅದನ್ನೇ ಕಟ್ಟಿದ್ರು ನೋಡು." ನಗುತ್ತಲೇ ಹೇಳಿದರು. ರೊಟ್ಟಿಯ ಮೇಲೆ ಏಟು ಮಾತ್ರ ಜೋರಾಗಿ ಬೀಳುತ್ತಿತ್ತು.

ಅತ್ತೆ ಮಾವನವರ ಆಶೀರ್ವಾದ. ಅಂಜನಾ ಅವರಿಗೆ ನನ್ನ ನಮಸ್ಕಾರ ತಿಳಿಸಿ, ದೂರದಿಂದ. ನಿದ್ದೆಗೆಡಬೇಡಿ, ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಫೋಟೋಗಳಲ್ಲಿ ಸ್ವಲ್ಪ ಕಡಿಮೆ ನಗಿ.

ನಿಮ್ಮವಳೇ, ನಿಮ್ಮೊಬ್ಬರವಳೇ,
ಸೌಂದರ್ಯಾ

ತಾ.ಕ.: ಚಾಚಾ ಅಂಚೆಗೆ ಹೊರಟಿದ್ದಾರೆ, ಬೇಗ ಬರೆಯುತ್ತೇನೆ. ಈಗ ಓಡುತ್ತಿರುವ ಮಿಷನ್ನನ್ನು ಚಾಲೂ ಮಾಡಿದ್ದು ನಾನಲ್ಲ. ಜಗತ್ ಸರ್ಕಲ್ಲಿನ ಉಜೈರ್ ಅಂಗಡಿಯಲ್ಲಿ ಇನ್ನೊಂದು ಕೀಲಿ ಮಾಡಿಸಿ, ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ, ಚಾಚಾನ ಕೈಗೆ ಕೊಟ್ಟೆ. "ಮಾಲಕ್ರು?" ಎಂದರು. ಮಾಲಕರ ಮನೆಯವಳೇ ಕೊಡುತ್ತಿದ್ದೇನಲ್ಲ ಎಂದೆ. ವಿಭೂತಿ ಒರೆಸದೆ ಹಾಗೇ ಅಂಗಿಯ ಒಳಜೇಬಿಗೆ ಇಳಿಸಿದರು. ಮಾವನವರಿಗೆ ಇನ್ನೂ ಗೊತ್ತಿಲ್ಲ. ಹೇಳುವ ಹೊಣೆ ಅತ್ತೆಯದು: "ನೀ ರೈಲು ಹತ್ತು, ಸವತಿನ್ನ ನಾ ನೋಡ್ಕೋತೀನಿ" ಎಂದಿದ್ದಾರೆ. ಬೈಗುಳ ಬಂದರೆ ನಾವಿಬ್ಬರೂ ಅಲ್ಲಿಂದ ಫೋನಿನಲ್ಲಿ ಕೇಳಿಸಿಕೊಳ್ಳೋಣ. ಹಾಸ್ಟೆಲ್ ಬಿಟ್ಟು ಒಂದು ಕೋಣೆ ನೋಡಿಡಿ. ಕೆಂಪು ಬಾಳೆಹಣ್ಣು ತರುತ್ತಿದ್ದೇನೆ, ಅಂಜನಾ ಅವರಿಗೆ ನನ್ನ ಕೈಯಿಂದಲೇ ಕೊಡುತ್ತೇನೆ. ಸ್ಟೇಷನ್ನಿಗೆ ಒಬ್ಬರೇ ಬನ್ನಿ: ಇಪ್ಪತ್ತೊಂದನೆಯ ತಾರೀಖು, ಶುಕ್ರವಾರ ಬೆಳಿಗ್ಗೆ, ಕುರ್ಲಾ–ಕೊಯಮತ್ತೂರು ಎಕ್ಸ್‌ಪ್ರೆಸ್.