ಇಪ್ಪತ್ತಮೂರು ಮನೆ ಇಪ್ಪತ್ತಮೂರು ಜನ ಆದ ಬಗೆ

ಮಾನ್ಯ ಜಿಲ್ಲಾಧಿಕಾರಿಗಳೇ,

ನೀವು ಕಳಿಸಿದ ಕಾಗದದ ಪ್ರಕಾರ ನಮ್ಮೂರಿನ ಜನಸಂಖ್ಯೆ ಇಪ್ಪತ್ತಮೂರು. ಐವತ್ತಕ್ಕಿಂತ ಕಡಿಮೆ ಜನರಿರುವ ಕಡೆ ಹೊಳೆ ದಾಟುವ ತೊಟ್ಟಿಲು ಇಟ್ಟುಕೊಳ್ಳಲು ನಿಯಮವಿಲ್ಲವಂತೆ. ಬರುವ ಹದಿನೈದನೇ ತಾರೀಕು ತಂತಿ ಬಿಚ್ಚಿಸುತ್ತೀರಂತೆ. ನಾವು ನೂರಾ ಹದಿನೆಂಟು ಜನ ಇದ್ದೇವೆ. ಉಳಿದ ತೊಂಬತ್ತೈದು ಜನರನ್ನು ಏನು ಮಾಡಿದಿರಿ ಎಂದು ಕೇಳಲು ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಕಮರಿಯೊಳಗಿನ ಊರು. ಇಳಿಜಾರಿನಲ್ಲಿ ಮೂರು ಮೆಟ್ಟಿಲಿನ ಹಾಗೆ ಮನೆಗಳು, ಕೆಳಗೆ ಹೊಳೆ, ಆಚೆ ದಡದಲ್ಲಿ ರಸ್ತೆ. ನಡುವೆ ಕಬ್ಬಿಣದ ತಂತಿಗೆ ನೇತುಬಿಟ್ಟ ಒಂದು ತಗಡಿನ ಪೆಟ್ಟಿಗೆ. ಅದನ್ನೇ ನಾವು ತೊಟ್ಟಿಲು ಅನ್ನುತ್ತೇವೆ. ನಿಮ್ಮ ಕಾಗದದಲ್ಲಿ ಎರಡು ದಡಗಳ ಅಂತರ ಕೇವಲ ನಾಲ್ಕು ನೂರು ಮೀಟರ್ ಎಂದಿದೆ. ಹಕ್ಕಿಗಳ ವಿಚಾರದಲ್ಲಿ ಅದು ಸರಿ. ಕಾಲಿರುವವರು ಕೆಳಗಿನ ಸೇತುವೆ ಬಳಸಿ ಬಂದರೆ ಹದಿನೆಂಟು ಕಿಲೋಮೀಟರ್. ತೊಟ್ಟಿಲು ಬರುವುದಕ್ಕೆ ಮೊದಲು ನನ್ನ ನಾದಿನಿಯನ್ನು ಹೆರಿಗೆ ನೋವಿನಲ್ಲಿ ಕಂಬಳಿಗೆ ಕಟ್ಟಿ ಆ ದಾರಿಯಲ್ಲೇ ಹೊತ್ತೊಯ್ದೆವು. ಅರ್ಧ ದಾರಿಗೆ ಕಂಬಳಿ ಇಳಿಸಿದೆವು. ಮುಂದೆ ಹೋಗುವ ಕೆಲಸ ಉಳಿದಿರಲಿಲ್ಲ.

ನಿಮ್ಮ ಎಣಿಕೆಯವರು ಬಂದ ದಿನದ ಕತೆ ಕೇಳಿ. ಅವರು ಆಚೆ ದಡಕ್ಕೆ ಬಂದರು, ತೊಟ್ಟಿಲು ನೋಡಿದರು, ಹತ್ತಲಿಲ್ಲ. ತೊಟ್ಟಿಲಿನ ಹಗ್ಗ ಎಳೆಯುವ ನಮ್ಮೂರಿನ ಅಜ್ಜ ಅಲ್ಲೇ ಇದ್ದ.

"ಕೂತ್ಕೊಳ್ಳಿ ಸ್ವಾಮಿ, ಏನೂ ಆಗಲ್ಲ. ಎಮ್ಮೆ ಕರುನೇ ಆಚೆ ದಾಟ್ಸಿದೀನಿ."

"ಕರುಗೆ ಹೆಂಡ್ತಿ ಮಕ್ಕಳಿರಲ್ಲ ಅಜ್ಜ. ನಂಗೆ ಎರಡು ಮಕ್ಕಳಿದಾವೆ. ನಿಮ್ಮೂರೋರಿಗೇ ಅಂಚಿಗೆ ಬರೋಕೆ ಹೇಳು, ಇಲ್ಲಿಂದ್ಲೇ ನೋಡ್ಕೋತೀನಿ."

ಅಜ್ಜ ಕೂಗು ಹಾಕಿದ. ನಮ್ಮಲ್ಲಿ ಆಚೆ ದಡದಿಂದ ಕೂಗು ಬಂದರೆ ಮನೆಗೊಬ್ಬರು ಅಂಚಿಗೆ ಹೋಗುವುದು ಹಿಂದಿನಿಂದ ಬಂದ ರೂಢಿ. ಅಂಚಿನ ಬಂಡೆ ಕಿರಿದು, ಮಣ್ಣು ಸಡಿಲ, ಎಲ್ಲರೂ ನುಗ್ಗಿದರೆ ಯಾರೋ ಒಬ್ಬರು ಹೊಳೆ ಪಾಲು. ಹೋದವರು ವಿಷಯ ಕೇಳಿಕೊಂಡು ಮನೆಗೆ ತಿಳಿಸುತ್ತಾರೆ. ಅವತ್ತು ಮಕ್ಕಳೆಲ್ಲ ಓಡಿ ಬಂದಿದ್ದರು. "ಮನೆಗೊಬ್ಬರು ಸಾಕು, ಉಳಿದವರು ಹಿಂದೆ ಹೋಗಿ" ಎಂದು ಗದರಿಸಿ ಅಟ್ಟಿದವಳು ಬೇರೆ ಯಾರೂ ಅಲ್ಲ, ನಾನೇ. ಏಳು ತಿಂಗಳ ಬಸುರಿ ಸೊಸೆಯನ್ನೂ "ನೀನು ಒಳಗಿರು ತಾಯಿ, ಕಾಲು ಜಾರೀತು" ಎಂದು ಬಾಗಿಲಲ್ಲೇ ನಿಲ್ಲಿಸಿದೆ. ಇಪ್ಪತ್ತಮೂರು ಮನೆಯಿಂದ ಇಪ್ಪತ್ತಮೂರು ಜನ ಸಾಲಾಗಿ ನಿಂತೆವು. ನಿಮ್ಮವರು ಬೆರಳು ತೋರಿಸಿ ಎಣಿಸಿಕೊಂಡರು, ಹೆಸರುಗಳನ್ನು ಆಮೇಲೆ ತುಂಬಿಕೊಳ್ಳುತ್ತೇನೆ ಎಂದು ಅಜ್ಜನಿಗೆ ಹೇಳಿ ಬಸ್ಸು ಹತ್ತಿದರು. "ತನ್ನ ಮಕ್ಕಳನ್ನ ಸರಿಯಾಗಿ ಎಣಿಸ್ದ, ನಮ್ಮವನ್ನ ಬಿಟ್ಟ" ಎಂದು ಅಜ್ಜ ಈಗಲೂ ಆಡಿಕೊಳ್ಳುತ್ತಾನೆ. ನನಗೆ ನಗು ಬರುವುದಿಲ್ಲ. ದೇವರ ಮುಂದೆ ಕೂತಾಗಲೆಲ್ಲ, ಅಟ್ಟಿದವಳು ನಾನೇ ಅನ್ನುವುದು ಬಾಯಿಗೆ ಬಂದು ಪ್ರಾರ್ಥನೆ ಅಲ್ಲಿಗೇ ನಿಂತುಬಿಡುತ್ತದೆ.

ಕಾಗದ ಬಂದ ಮೇಲೆ ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು.

"ಅಮ್ಮಾ, ಎಣಿಕೆ ಹತ್ತು ವರ್ಷಕ್ಕೊಂದ್ಸಲ. ಮುಂದಿನ ಸಲ ಎಲ್ಲರೂ ಎದುರಿಗೆ ಬನ್ನಿ."

"ನನ್ನ ಸೊಸೆ ಮುಂದಿನ ತಿಂಗಳು ಹೆರ್ತಾಳಪ್ಪ. ಹತ್ತು ವರ್ಷ ತಡಕೊಳ್ಳೋಕಾಗುತ್ತಾ?"

"ಹಂಗಾದ್ರೆ ಈಗಲೇ ಆಚೆ ದಡಕ್ಕೆ ಕಳಿಸಿಬಿಡಿ."

ಆಚೆ ದಡದಲ್ಲಿ ಯಾರ ಮನೆಯಿದೆ, ಸ್ವಾಮಿ? ರಸ್ತೆಯಿದೆ, ಬಸ್ಸು ನಿಲ್ಲುವ ಒಂದು ಕಲ್ಲಿದೆ. ಅವಳ ತವರು ನಮ್ಮೂರಲ್ಲೇ, ಮೇಲಿನ ಮೆಟ್ಟಿಲಿನಲ್ಲಿದೆ. ಆಸ್ಪತ್ರೆಯವರು ನೋವು ಬಂದ ಮೇಲೆ ಬನ್ನಿ ಎಂದಿದ್ದಾರೆ. ಹಾಗಾದರೆ ಆ ಕಲ್ಲಿನ ಮೇಲೆ ಅವಳು ಎಷ್ಟು ದಿನ ಕೂರಬೇಕು? ಅದಕ್ಕೂ ಒಂದು ನಿಯಮ ಇದ್ದರೆ ತಿಳಿಸಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಂಡು ನಾನೇನು ಕಿತ್ತು ಹಾಕುತ್ತೇನೆ? ತಂತಿ ಬಿಚ್ಚುವವರು ಬಂದರೆ ನಾವು ಅಂಚಿನಲ್ಲಿ ನಿಂತು ನೋಡಬಹುದು, ಅಷ್ಟೇ. ಅದಕ್ಕೇ ಕೇಳುತ್ತೇನೆ: ಹದಿನೈದರೊಳಗೆ ಒಬ್ಬರನ್ನು ತೊಟ್ಟಿಲಲ್ಲಿ ಕೂರಿಸಿ ಕಳಿಸಿ. ಮನೆಮನೆಗೆ ನಾನೇ ಕರೆದುಕೊಂಡು ಹೋಗಿ ಎಲ್ಲರನ್ನೂ ತೋರಿಸುತ್ತೇನೆ. ನೂರಾ ಹದಿನೆಂಟು ಹೆಸರುಗಳನ್ನು ಇದರ ಜೊತೆ ಬರೆದಿಟ್ಟಿದ್ದೇನೆ. ಅದೂ ಆಗದಿದ್ದರೆ, ಹೆರಿಗೆ ಮುಗಿಯುವವರೆಗಾದರೂ ತಂತಿ ಮುಟ್ಟಬೇಡಿ. ಇಪ್ಪತ್ತಮೂರಕ್ಕಿಂತ ಒಂದು ಹೆಚ್ಚು ಬರೆಯಲು ನಿಮ್ಮ ಕೈಯಲ್ಲಿ ಆಗದು ಎನ್ನುವುದಾದರೆ, ಅದರಲ್ಲಿ ನಮ್ಮ ಮನೆಯ ಲೆಕ್ಕಕ್ಕೆ ನಿಂತವಳು ನಾನು. ಪಟ್ಟಿಯಿಂದ ನನ್ನನ್ನು ಹೊಡೆದು ಹಾಕಿ ಅಲ್ಲಿ ಅವಳನ್ನು ಬರೆದುಕೊಳ್ಳಿ.

ಇಂತಿ,
ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ತಾನೊಬ್ಬಳೇ ಎಣಿಕೆಗೆ ಸಿಕ್ಕ ಅತ್ತೆ