ಅಪ್ಪನ ಮೂರು ಬೆರಳು

ಆಸ್ಪತ್ರೆಯ ಹಿಂದಿನ ಮನೆ,
ಆಗಸ್ಟ್ ೧೯, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಕಟ್ಟು ಬಿಚ್ಚಲು ಇನ್ನೂ ಎಂಟು ದಿನ ಎಂದು ಅಕ್ಕ ಹೇಳಿದಳು. ತುರಿಕೆ ಬಂದರೆ ದಿಂಬನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಕೈ ಮಾತ್ರ ಕಟ್ಟಿನ ಹತ್ತಿರ ಹೋಗಕೂಡದು. ಈ ಕಾಗದವನ್ನು ನಿಮಗೆ ಅಕ್ಕನೇ ಓದಿ ಹೇಳಬೇಕಲ್ಲ, ಹಾಗಾಗಿ ಅವಳಿಗೂ ಒಂದು ಮಾತು. ಅಕ್ಕಾ, ನಡುವೆ ಸಾಲು ನುಂಗಬೇಡ. ಅಪ್ಪನಿಗೆ ಗಾಬರಿಯಾಗುತ್ತದೆ ಎಂದು ಸಕ್ಕರೆ ಬೆರೆಸಲೂ ಬೇಡ. ಬರೆದದ್ದನ್ನು ಬರೆದ ಹಾಗೇ ಓದು.

ಭಾನುವಾರ ಫೋನಿನಲ್ಲಿ ನೀವು "ಹುಲ್ಲು ಹೇಗಿದೆ ಬುಗುರಿ?" ಎಂದು ಕೇಳಿದಿರಿ. "ಚೆನ್ನಾಗಿದೆ ಅಪ್ಪಾ" ಎಂದೆ. ಅದು ಸುಳ್ಳು. ಮಾಡದ ತಪ್ಪಿಗೆ ಕ್ಷಮಾಪಣೆ ಬರೆದುಕೊಡುವುದಿಲ್ಲ ಎಂದು ಶಾಲೆಯನ್ನೇ ಬಿಟ್ಟುಬಂದವಳು ನಾನು. ಭಾನುವಾರ ಮಾತ್ರ ನಿಮ್ಮ ದನಿ ಕೇಳಿದ ಕೂಡಲೇ ಸುಳ್ಳೇ ಬಾಯಿಗೆ ಬಂತು.

ಮೊದಲಿನಿಂದ ಹೇಳುತ್ತೇನೆ. ನೀವು ಆಸ್ಪತ್ರೆಯ ಹುಲ್ಲುಹಾಸನ್ನು ನನಗೊಪ್ಪಿಸಿ ಅಕ್ಕನ ಮನೆಗೆ ಹೊರಡುವ ದಿನ ಬಾಗಿಲಲ್ಲಿ ನಿಂತು ಹೇಳಿದ್ದು ಒಂದಕ್ಷರವೂ ಮರೆತಿಲ್ಲ. ಒದ್ದೆ ಹುಲ್ಲಿನ ಮೇಲೆ ಕತ್ತರಿಸುವ ಯಂತ್ರ ಓಡಿಸಬಾರದು. ಬೆಳಿಗ್ಗೆ ಉದ್ದ ಬಿದಿರಿನಿಂದ ಇಬ್ಬನಿ ಕೆಡವಬೇಕು. ಮೊನಚು ಹಲ್ಲಿನ ಕವೆ ಚುಚ್ಚಿ ನೆಲಕ್ಕೆ ಉಸಿರಾಡಲು ತೂತು ಮಾಡಬೇಕು, ಮರಳು ಉದುರಿಸಬೇಕು. ಮಳೆಗಾಲದಲ್ಲಿ ಗೊಬ್ಬರದ ಚೀಲ ಬಿಚ್ಚಲೇಬಾರದು. ಹುಲ್ಲು ಮಾತ್ರ ಮೂರು ಬೆರಳು ಉಳಿಯಬೇಕು. ಬುಗುರಿಯ ಹಾಗೆ ಒಂದು ಕಡೆ ನಿಲ್ಲದವಳಾದರೂ ನಾನು ಇದನ್ನೆಲ್ಲ ಮಾಡಿದೆ. ಯಂತ್ರದ ಎತ್ತರ ಹೊಂದಿಸುವ ಹಿಡಿಯಲ್ಲಿ ಅಂಕಿಗಳೆಲ್ಲ ಸವೆದುಹೋಗಿವೆಯಲ್ಲ, ನೀವು ಮಾಡುವ ಹಾಗೆಯೇ ಯಂತ್ರ ಆರಿಸಿ, ಶೆಡ್ಡಿನ ಸಿಮೆಂಟಿನ ಮೇಲೆ ನಿಲ್ಲಿಸಿ, ನೆಲಕ್ಕೂ ಅಲುಗಿಗೂ ನಡುವೆ ಮೂರು ಬೆರಳು ತೂರಿಸಿ ಸರಿಯಾಗಿ ಕೂರಿಸಿದೆ. ಬೆರಳು ನನ್ನವು ಎನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಮೊದಲ ಎರಡು ವಾರ ಹುಲ್ಲು ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಸೂಪರಿಂಟೆಂಡೆಂಟ್ ಮೇಡಂ ಕಿಟಕಿಯಿಂದಲೇ "ಏನೇ ಬುಗುರಿ, ಅಪ್ಪನಿಗಿಂತ ನೀನೇ ವಾಸಿ, ಕಾರ್ಪೆಟ್ ಹಾಸಿದ ಹಾಗಿದೆ" ಅಂದರು. ನಾನು ಉಬ್ಬಿಹೋದೆ. ನಿಮಗೆ ಬರೆದು ಕುಟುಕಬೇಕು ಅಂತಲೂ ಇದ್ದೆ. ಆಮೇಲೆ ಮಳೆ ಹಿಡಿಯಿತು. ಹನ್ನೊಂದು ದಿನ ಬಿಸಿಲೇ ಇಲ್ಲ. ರೋಗಿಗಳು ಹಿಡಿದು ನಡೆಯುವ ಕಂಬಿಯ ಪಕ್ಕ, ಮರದ ನೆರಳಿನಲ್ಲಿ, ಹುಲ್ಲು ಹಳದಿ ತಿರುಗಿ ತೆಳ್ಳಗಾಯಿತು. ಅದರ ಕೆಳಗಿನಿಂದ ಬೇರೆಯೇ ಒಂದು ಹಸಿರು ಎದ್ದಿತು, ನಯವಾಗಿ. ಪಾಚಿ ಎಂದು ನನಗೆ ಗೊತ್ತಾಯಿತು. ದೂರದಿಂದ ನೋಡಿದವರಿಗೆ ಹಸಿರಿಗೆ ಹಸಿರೇ ಅಲ್ಲವೇ, ನೀವು ಬಂದ ಮೇಲೆ ನೋಡಿಕೊಂಡರಾಯಿತು ಎಂದು ಸುಮ್ಮನಿದ್ದೆ. ಇನ್ನೊಂದು ವಿಷಯ, ಇದನ್ನು ಬರೆಯಲು ಕೈ ಬರುತ್ತಿಲ್ಲ. ಶುಕ್ರವಾರ ನಾನೇ ಅಲ್ಲಿ ಜಾರಿ ಕುಕ್ಕರಬಡಿದಿದ್ದೆ. ಸುತ್ತ ನೋಡಿದೆ, ಯಾರೂ ಕಾಣಲಿಲ್ಲ. ನಗುತ್ತಾ ಎದ್ದು ಬಟ್ಟೆ ಒರೆಸಿಕೊಂಡು ಹೋದೆ. ಯಾರಿಗೂ ಹೇಳಲಿಲ್ಲ.

ಶನಿವಾರ ಲಾರಿ ಮಾವ ಬಿದ್ದರು. ನಿಮಗೆ ಅವರು ನೆನಪಿರಬೇಕು, ಆರನೇ ಹಾಸಿಗೆಯವರು, ಬಲಭಾಗ ಸ್ವಾಧೀನ ತಪ್ಪಿ ಬಂದಿದ್ದರಲ್ಲ. "ಹತ್ತು ಗಾಲಿ ಓಡಿಸಿದವನಿಗೆ ಎರಡು ಕಾಲು ಓಡಿಸೋಕೆ ಬರ್ತಿಲ್ಲ ನೋಡಮ್ಮಾ" ಎಂದು ನಗಿಸುತ್ತಿದ್ದವರು. ಬರಿಗಾಲಲ್ಲಿ ಹುಲ್ಲು ತುಳಿದರೆ ಪಾದಕ್ಕೆ ನೆನಪು ಬರುತ್ತದೆ ಎಂದು ಡಾಕ್ಟರು ಎಲ್ಲರನ್ನೂ ಅಲ್ಲೇ ನಡೆಸುತ್ತಾರಲ್ಲ, ಅವರೂ ಹಾಗೆ ಕಂಬಿ ಬಿಟ್ಟು ಮೊದಲ ಸಲ ನಾಲ್ಕು ಹೆಜ್ಜೆ ಇಟ್ಟಿದ್ದರು. ಐದನೆಯದು ಪಾಚಿಯ ಮೇಲೆ ಬಿತ್ತು. ನಾನು ಬಿದಿರು ಹಿಡಿದು ಹತ್ತು ಮಾರು ದೂರದಲ್ಲಿದ್ದೆ. ಸದ್ದು ಈಗಲೂ ಕಿವಿಯಲ್ಲಿದೆ. ಸೊಂಟದ ಮೂಳೆ ಮುರಿದಿದೆ. ಮತ್ತೆ ನಡೆಯುತ್ತಾರೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ನೋಡಲು ಹೋದರೆ ಅವರು "ಬ್ರೇಕ್ ಹಿಡೀಲಿಲ್ಲ ಕಣಮ್ಮಾ" ಎಂದರು. ನಾನು ಹೊರಗೆ ಓಡಿಬಂದೆ.

ಅವರ ಪಕ್ಕದಲ್ಲಿದ್ದದ್ದು ನಡಿಗೆ ಅಕ್ಕ. ರೋಗಿಗಳನ್ನು ನಡೆಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ, ಒಬ್ಬರನ್ನೂ ಬೀಳಗೊಡದವಳು. ಈಗ ತಪ್ಪೆಲ್ಲ ಅವಳ ಮೇಲೆ ಬಂದಿದೆ. ನಾಳೆ ಹತ್ತು ಗಂಟೆಗೆ ವಿಚಾರಣೆ, ಕೆಲಸದಿಂದ ತೆಗೆಯುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಹುಲ್ಲಿನ ಸುದ್ದಿಯನ್ನು ಯಾರೂ ಎತ್ತಿಲ್ಲ. ಅವಳೂ ಎತ್ತಿಲ್ಲ. ನಮ್ಮ ಮೆಟ್ಟಿಲ ಮೇಲೆ ಕೂತು ತನ್ನ ಅಂಗೈಯನ್ನೇ ನೋಡುತ್ತಾ, "ನಾನು ಹಿಡ್ಕೊಂಡಿದ್ದೆ ಕಣೇ. ಎಲ್ಲಿ ಬಿಟ್ಟೆ ಅಂತಾನೇ ತಿಳೀತಿಲ್ಲ" ಎಂದಳು. ಅಪ್ಪಾ, ಅವಳು ಬಿಟ್ಟಿರಲಿಲ್ಲ. ನಾನು ನೋಡಿದ್ದೇನೆ. ಅವರ ಜೊತೆ ಅವಳೂ ಬಿದ್ದಳು, ಕೈ ಬಿಡಲಿಲ್ಲ.

ನಿನ್ನೆ ಆ ಜಾಗಕ್ಕೆ ಮರಳು ಹಾಕೋಣ ಎಂದು ಶೆಡ್ಡಿನಲ್ಲಿ ನಿಮ್ಮ ಕೈಗವಸು ತೊಟ್ಟುಕೊಂಡೆ. ನನ್ನ ಬೆರಳುಗಳು ಅದರೊಳಗೆ ಓಲಾಡಿದವು. ಆಗ ತಿಳಿಯಿತು. ನನ್ನ ಮೂರು ಬೆರಳು ನಿಮ್ಮ ಎರಡಕ್ಕಿಂತ ಒಂದು ಚೂರು ಹೆಚ್ಚು, ಅಷ್ಟೆ. ನಾನು ಎಲ್ಲವನ್ನೂ ನಿಮ್ಮ ಹಾಗೆಯೇ ಮಾಡಿ ಹುಲ್ಲನ್ನು ಒಂದು ಬೆರಳಷ್ಟು ಹೆಚ್ಚೇ ಬೋಳಿಸಿದ್ದೇನೆ. ನೆರಳಲ್ಲಿ, ತೇವದಲ್ಲಿ, ಬೋಳು ನೆಲ ಪಾಚಿಗೆ ಹಾಸಿಗೆ ಎಂದು ನೀವು ಎಷ್ಟು ಸಲ ಹೇಳಿಲ್ಲ.

ಹೇಳಿದರೆ ಏನಾಗುತ್ತದೆ ಎಂದು ಗೊತ್ತಿದೆ. ಕೆಲಸ ನಿಮ್ಮ ಹೆಸರಿನಲ್ಲಿದೆ. ಮನೆ ಕೆಲಸದ ಜೊತೆ ಬಂದದ್ದು. ಕಟ್ಟು ಬಿಚ್ಚಿ ನೀವು ಮೊದಲು ನೋಡುವುದು ಗಂಟುಮೂಟೆ ಆದೀತು. ಹೇಳದಿದ್ದರೆ ನಡಿಗೆ ಅಕ್ಕ ಹೋಗುತ್ತಾಳೆ, ತನ್ನ ಕೈಯನ್ನೇ ನಂಬದವಳಾಗಿ ಹೋಗುತ್ತಾಳೆ. ನಿಮ್ಮನ್ನು ಕೇಳಿ ಹೇಳೋಣವೆಂದರೆ ಕಾಗದ ತಲುಪಲು ಮೂರು ದಿನ, ವಿಚಾರಣೆ ನಾಳೆ. ಫೋನ್ ಮಾಡಿದರೆ ಮತ್ತೆ "ಚೆನ್ನಾಗಿದೆ" ಎಂದುಬಿಡುತ್ತೇನೆ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಬೈಯುವುದಿದ್ದರೆ ಬೈಯಿರಿ, ಅಳಬೇಡಿ, ಕಟ್ಟು ಒದ್ದೆಯಾಗುತ್ತದೆ. ಭಾವನಿಗೆ ನಾನು ಕೇಳಿದೆನೆಂದು ಹೇಳಿ. ಪಾಪುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು.

ಹೆದರಿ ಕೂತಿರುವ ನಿಮ್ಮ
ಬುಗುರಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲೇ ಎದ್ದು ಹೋದೆ. ನಾಳೆವರೆಗೆ ಕಾದರೆ ಧೈರ್ಯ ಉಳಿಯುತ್ತಿರಲಿಲ್ಲ. ಮೇಡಂಗೆ ಎಲ್ಲ ಹೇಳಿದೆ, ಬೆರಳು, ಪಾಚಿ, ಶುಕ್ರವಾರ ನಾನು ಜಾರಿದ್ದೂ ಸಹ. "ಬರೆದುಕೊಡು" ಎಂದರು. ಈ ಸಲ ಬರೆದುಕೊಟ್ಟೆ. ನಡಿಗೆ ಅಕ್ಕನನ್ನು ನಾಳೆ ಕರೆಯುವುದಿಲ್ಲವಂತೆ, ನನ್ನನ್ನು ಕರೆಯುತ್ತಾರಂತೆ. ನಿಮ್ಮ ಕೆಲಸ, ಮನೆ? ಕೇಳಿದೆ. "ಈಗಲೇ ಏನೂ ಹೇಳಕ್ಕಾಗಲ್ಲ" ಎಂದರು. ಅಕ್ಕಾ, ಅಪ್ಪನ ಬಲಗೈಯ ಮೂರು ಬೆರಳು ಒತ್ತಾಗಿ ಜೋಡಿಸಿ, ಈ ಹಾಳೆಯ ಹಿಂಬದಿಯಲ್ಲಿ ಇಟ್ಟು, ಸುತ್ತ ಗೆರೆ ಎಳೆದು ಇವತ್ತೇ ಅಂಚೆಗೆ ಹಾಕು. ಪೆನ್ಸಿಲ್ ನೆಟ್ಟಗೆ ಹಿಡಿ, ಓರೆಯಾದರೆ ಅಳತೆ ತಪ್ಪುತ್ತದೆ. ಅದನ್ನು ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ನಿಲ್ಲಿಸುತ್ತೇನೆ. ಇನ್ನು ಮುಂದೆ ಯಂತ್ರ ಹಿಡಿಯುವುದು ನಾವೋ ಬೇರೆ ಯಾರೋ, ಲಾರಿ ಮಾವ ಎದ್ದು ಬಂದರೆ ಕಾಲಿಡುವುದು ಅದೇ ಹುಲ್ಲಿನ ಮೇಲೆ.